ಕೊಲೆಗೆ ಹದಿನೆಂಟು ತಿಂಗಳ ಮೊದಲೇ ಕಾಗದ ಸಿಕ್ಕಿತ್ತು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಗೂಢಚಾರಿ ಧಾರಾವಾಹಿಗೆ ಒಳ್ಳೆಯ ಓದುಗರಿದ್ದಾರೆ. ರಾಜಕೀಯ ಕೊಲೆ, ಕಪ್ಪು ಹಣ, ಮೂರು ದೇಶಗಳ ನಡುವೆ ಓಡಾಡುವ ಏಜೆಂಟರು. ಒಂದು ಕಂತು ಮುಗಿದರೆ ಮುಂದಿನ ವಾರಕ್ಕೆ ಕಾಯುವಂತಾಗುತ್ತದೆ. ಆದರೆ ದುಡ್ಡಿನ ಮಾತು ಬಂದ ಕೂಡಲೇ ಕಥೆ ಸೊರಗುತ್ತದೆ. ನೋಟು ತುಂಬಿದ ಸೂಟ್‌ಕೇಸ್, ಸ್ವಿಸ್ ಬ್ಯಾಂಕಿನ ಗುಪ್ತ ನಂಬರು, ಅಲ್ಲಿಗೆ ಮುಗಿಯಿತು. ಕೊಲೆ ಯಾಕಾಯಿತು ಎಂಬ ಪ್ರಶ್ನೆಗೆ ಉತ್ತರ ಇರುವುದೇ ಆ ದುಡ್ಡಿನಲ್ಲಿ. ಅದು ಹೇಗೆ ಓಡಾಡುತ್ತದೆ, ಎಲ್ಲಿ ಕಾಲು ಜಾರುತ್ತದೆ ಎಂದು ತಿಳಿಯಲು ಕಲ್ಪನೆ ಬೇಕಿಲ್ಲ. ಮಾಲ್ಟಾದ ಪತ್ರಕರ್ತೆ ಡ್ಯಾಫ್ನಿ ಕರುವಾನಾ ಗಲಿಜಿಯಾ ಅವರ ಹತ್ಯೆ ಪ್ರಕರಣದಲ್ಲಿ ಕೋರ್ಟಿನ ಸಾಕ್ಷ್ಯ, ವಿಚಾರಣಾ ಮಂಡಳಿಯ ವರದಿ, ಸೋರಿಕೆಯಾದ ಕಡತ ಎಲ್ಲವೂ ಸಾರ್ವಜನಿಕವಾಗಿ ಸಿಗುತ್ತವೆ. ಧಾರಾವಾಹಿಯ ಓದುಗರಿಗೆ ಆ ನಿಜವೂ ಗೊತ್ತಾಗಲಿ ಎಂದು ಈ ಪತ್ರ. ಉದ್ದವಾಯಿತು, ಆದರೂ ಪೂರ್ತಿ ಪ್ರಕಟಿಸಬೇಕೆಂದು ವಿನಂತಿ.

ಮಾಲ್ಟಾ ಮೆಡಿಟರೇನಿಯನ್ ಸಮುದ್ರದ ನಡುವಿನ ದ್ವೀಪ ದೇಶ. ವಿಸ್ತೀರ್ಣ 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಜನ 5 ಲಕ್ಷಕ್ಕೂ ಹೆಚ್ಚು. ಅಲ್ಲಿನ ಬಿಡ್ನಿಯಾ ಎಂಬ ಹಳ್ಳಿಯಲ್ಲಿ ಡ್ಯಾಫ್ನಿ ಅವರ ಮನೆ. 2017ರ ಅಕ್ಟೋಬರ್ 16, ಸೋಮವಾರ ಮಧ್ಯಾಹ್ನ 2.35ಕ್ಕೆ ಅವರು ತಮ್ಮ ಬ್ಲಾಗಿಗೆ ಕೊನೆಯ ಬರಹ ಹಾಕಿದರು. ಬ್ಯಾಂಕಿಗೆ ಹೋಗಬೇಕಿತ್ತು. ಮನೆಯಿಂದ ಹೊರಟವರು ಚೆಕ್ ಬುಕ್ ಮರೆತೆನೆಂದು ಹಿಂತಿರುಗಿ ಬಂದು ತೆಗೆದುಕೊಂಡು ಹೋದರು. ಆ ಚೆಕ್ಕುಗಳು ಗಂಡ ಸಹಿ ಮಾಡಿಟ್ಟಿದ್ದವು. ಸಚಿವರೊಬ್ಬರು ಮತ್ತು ಅವರ ಸಹಾಯಕ ಹೂಡಿದ್ದ ಮಾನನಷ್ಟ ದಾವೆಯಲ್ಲಿ ಸುಮಾರು 47,000 ಯೂರೋ ಮಟ್ಟಿಗೆ ಡ್ಯಾಫ್ನಿ ಅವರ ಖಾತೆಯನ್ನು ಕೋರ್ಟು ತಡೆಹಿಡಿದಿತ್ತು. ತಮ್ಮದೇ ದುಡ್ಡು ತೆಗೆಯಲು ಅವರಿಗೆ ದಾರಿ ಇರಲಿಲ್ಲ. ಬಾಡಿಗೆಗೆ ಪಡೆದ ಪ್ಯೂಜೋ 108 ಕಾರು ಹಿಂದಿನ ರಾತ್ರಿ ಗೇಟಿನ ಹೊರಗೆ ನಿಂತಿತ್ತು. ಮೂರು ಗಂಟೆ ಹೊಡೆಯುವ ಮುನ್ನ ಅದರಲ್ಲಿದ್ದ ಬಾಂಬ್ ಸಿಡಿಯಿತು. ಶಬ್ದ ಕೇಳಿ ಬರಿಗಾಲಲ್ಲಿ ಓಡಿ ಬಂದವರು ಮಗ ಮ್ಯಾಥ್ಯೂ. ಪನಾಮಾ ಪೇಪರ್ಸ್ ಎಂಬ ಸೋರಿಕೆಯಾದ ಕಡತಗಳ ಮೇಲೆ ಕೆಲಸ ಮಾಡಿದ ಅಂತರರಾಷ್ಟ್ರೀಯ ತಂಡದಲ್ಲಿದ್ದವರು ಅವರು. ಡ್ಯಾಫ್ನಿಗೆ ಆಗ 53 ವರ್ಷ.

ಹಂತಕರು ಸಿಕ್ಕಿದ್ದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಧಾರಾವಾಹಿಗಳಲ್ಲಿ ಇದನ್ನು ಉಪಗ್ರಹ, ಹ್ಯಾಕಿಂಗ್ ಎಂದು ತೇಲಿಸಿಬಿಡುತ್ತಾರೆ. ಇಲ್ಲಿ ಕೆಲಸ ಮಾಡಿದ್ದು ನಮ್ಮ ಪೊಲೀಸ್ ಠಾಣೆಗಳಲ್ಲೂ ದಿನಾ ಬಳಕೆಯಲ್ಲಿರುವ ಟವರ್ ಡಂಪ್ ಮತ್ತು ಸಿಡಿಆರ್, ಅಂದರೆ ಟವರ್ ಮತ್ತು ಕರೆಗಳ ದಾಖಲೆ. ಮಾಲ್ಟಾಗೆ ಅಮೆರಿಕದ ಎಫ್‌ಬಿಐ ನೆರವು ಕೊಟ್ಟಿತು. ಸ್ಫೋಟದ ಜಾಗಕ್ಕೆ ಸಿಗ್ನಲ್ ಕೊಡುವ ಟವರ್‌ನಲ್ಲಿ ಆ ಹೊತ್ತಿನಲ್ಲಿ ದಾಖಲಾದ ಎಲ್ಲ ನಂಬರುಗಳನ್ನು ಮೊದಲು ತೆಗೆಯುತ್ತಾರೆ. ಅದರಲ್ಲಿ ಸ್ಫೋಟದ ಕ್ಷಣಕ್ಕೆ ಶಾಶ್ವತವಾಗಿ ಸತ್ತುಹೋದ ನಂಬರು ಯಾವುದು ಎಂದು ಹುಡುಕುತ್ತಾರೆ. ಸತ್ತುಹೋದ ಆ ನಂಬರಿಗೆ, ಅಂದರೆ ಬಾಂಬಿಗೆ ಜೋಡಿಸಿದ್ದ ಸಿಮ್ಮಿಗೆ, ಕೊನೆಯ ಎಸ್‌ಎಂಎಸ್ ಕಳಿಸಿದ ನಂಬರು ಸಿಗುತ್ತದೆ. ಆ ಎರಡನೇ ಫೋನು ಯಾರ ಹೆಸರಿನಲ್ಲೂ ಇಲ್ಲ, ಬೇರೆ ಯಾರಿಗೂ ಕರೆ ಮಾಡಿಲ್ಲ. ಇಲ್ಲಿಯವರೆಗೆ ಹಂತಕನ ಲೆಕ್ಕ ಸರಿಯಾಗಿಯೇ ಇತ್ತು. ಅದು ಯಾವ ಟವರ್‌ನಲ್ಲಿತ್ತು ಎಂದು ನೋಡಿದರೆ ಮನೆಯ ಹತ್ತಿರ ಅಲ್ಲ, ದೂರದ ಗ್ರ್ಯಾಂಡ್ ಹಾರ್ಬರ್ ಬಂದರಿನ ನೀರಿನ ಮೇಲೆ. ಅಂದರೆ ದೋಣಿಯಲ್ಲಿ. ಮನೆ ಕಾಣುವ ಎತ್ತರದ ಜಾಗದಲ್ಲಿ ಇನ್ನೊಬ್ಬ ಕಾದು ನಿಂತು, ಆಕೆ ಕಾರು ಹತ್ತಿದ್ದನ್ನು ದೋಣಿಯವನಿಗೆ ತಿಳಿಸಿದ್ದ. ಅವನು ಅಲ್ಲಿ ಬಿಟ್ಟುಹೋದ ಸಿಗರೇಟಿನ ತುಂಡಿನಿಂದ ಡಿಎನ್‌ಎ ಸಿಕ್ಕಿತು.

ಎಡವಟ್ಟಾದದ್ದು ಮುಂದೆ. ದೋಣಿಯಲ್ಲಿದ್ದ ಜಾರ್ಜ್ ಡಿಜಾರ್ಜಿಯೋ ಜೇಬಿನಲ್ಲಿ ತನ್ನ ಸ್ವಂತ ಮೊಬೈಲನ್ನೂ ಇಟ್ಟುಕೊಂಡಿದ್ದ. ಅದರಲ್ಲಿ ಕರೆನ್ಸಿ ಖಾಲಿಯಾಗಿತ್ತು. ಸಮುದ್ರದ ಮೇಲಿಂದಲೇ ಪರಿಚಿತನಿಗೆ ಕರೆ ಮಾಡಿ 5 ಯೂರೋ ಕರೆನ್ಸಿ ಹಾಕಿಸಿಕೊಂಡ. ಸ್ಫೋಟದ ಬಳಿಕ ಅದೇ ಫೋನಿನಿಂದ ತನ್ನ ಸಂಗಾತಿಗೆ, ವೈನ್ ತಂದಿಡು ಎಂಬರ್ಥದ ಸಂದೇಶವನ್ನೂ ಕಳಿಸಿದ. ಹೆಸರಿಲ್ಲದ ಫೋನೂ ಹೆಸರಿರುವ ಫೋನೂ ಒಂದೇ ಹೊತ್ತಿಗೆ ಒಂದೇ ಟವರ್‌ನ ಕೆಳಗೆ, ಒಂದೇ ದಿಕ್ಕಿಗೆ ಚಲಿಸುತ್ತಿದ್ದವು. ಒಂದು ಸಿಮ್ ಎಷ್ಟೇ ಗುಪ್ತವಾಗಿದ್ದರೂ ಅದರ ಪಕ್ಕದಲ್ಲಿ ನಿಜವಾದ ಹೆಸರಿನ ಫೋನು ಸಾಗುತ್ತಿದ್ದರೆ ಗುಟ್ಟು ಉಳಿಯದು. ಆ 5 ಯೂರೋ ಆತನನ್ನು ಜೈಲಿಗೆ ಕಳಿಸಿತು. 2017ರ ಡಿಸೆಂಬರ್ 4ರಂದು ಮಾರ್ಸಾ ಎಂಬಲ್ಲಿನ ಹಳೆಯ ಆಲೂಗಡ್ಡೆ ಗೋದಾಮಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಅವನೂ, ಅವನ ತಮ್ಮ ಆಲ್ಫ್ರೆಡ್ ಕೂಡ, ವಿನ್ಸೆಂಟ್ ಮಸ್ಕಟ್ ಎಂಬ ಮೂರನೆಯವನೂ ಸಿಕ್ಕಿಬಿದ್ದರು. ಫೋನುಗಳನ್ನು ಸಮುದ್ರಕ್ಕೆ ಎಸೆದಿದ್ದರು. ಮುಳುಗುಗಾರರು ಮೇಲೆ ತಂದರು.

ಇಷ್ಟಕ್ಕೆ ಧಾರಾವಾಹಿಯಾಗಿದ್ದರೆ ಮುಗಿಯುತ್ತಿತ್ತು. ಆದರೆ ಈ ಮೂವರಿಗೂ ಡ್ಯಾಫ್ನಿಗೂ ಯಾವ ದ್ವೇಷವೂ ಇರಲಿಲ್ಲ. ಅದು ಸುಪಾರಿ. ಮೊತ್ತ 1,50,000 ಯೂರೋ: ಮುಂಗಡ 30,000, ಕೆಲಸ ಮುಗಿದ ಮೇಲೆ 1,20,000. ಕೊಟ್ಟವನು ಮೆಲ್ವಿನ್ ಥಿಯುಮಾ ಎಂಬ ಟ್ಯಾಕ್ಸಿ ಚಾಲಕ. ಟ್ಯಾಕ್ಸಿ ಓಡಿಸುವವನಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು ಎಂಬಲ್ಲಿ ನಿಜವಾದ ಪ್ರಕರಣ ಶುರುವಾಗುತ್ತದೆ. ಮತ್ತು ಇಲ್ಲಿಯೇ ನಾನು ಒತ್ತಿ ಹೇಳಬೇಕಾದ ಮಾತಿರುವುದು: ಆ ಪ್ರಶ್ನೆಗೆ ಬೇಕಾದ ಕಾಗದ ಕೊಲೆಗೆ ಹದಿನೆಂಟು ತಿಂಗಳ ಮೊದಲೇ, 2016ರ ಏಪ್ರಿಲ್‌ನಲ್ಲೇ ಜಗತ್ತಿನ ಮುಂದೆ ಬಿದ್ದಿತ್ತು. ಅದನ್ನು ಪೂರ್ತಿ ಓದಿ ಬೆನ್ನಟ್ಟಿದವರು ಅಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಮೊದಲ ಹೆಸರು ಡ್ಯಾಫ್ನಿಯವರದು.

ಆ ಕಾಗದ ಏನು? ಪನಾಮಾದ ಮೊಸ್ಸಾಕ್ ಫೊನ್ಸೆಕಾ ಎಂಬ ವಕೀಲರ ಕಚೇರಿಯಿಂದ ಸೋರಿಕೆಯಾದ 1.15 ಕೋಟಿ ದಾಖಲೆಗಳಲ್ಲಿ ಮಾಲ್ಟಾಕ್ಕೆ ಸೇರಿದ ಒಂದು ಕಟ್ಟು. 2013ರ ಮಾರ್ಚ್ 9ರಂದು ಮಾಲ್ಟಾದಲ್ಲಿ ಚುನಾವಣೆ ನಡೆದು ಹೊಸ ಸರ್ಕಾರ ಬಂತು. ಕೆಲವೇ ದಿನಗಳಲ್ಲಿ ಅಲ್ಲಿನ ಲೆಕ್ಕಪರಿಶೋಧಕ ಸಂಸ್ಥೆಯೊಂದು ಪನಾಮಾದಲ್ಲಿ ಮೂರು ಕಂಪನಿ ಕೇಳಿ ಪತ್ರ ಬರೆಯಿತು: ಹರ್ನ್‌ವಿಲ್, ಟಿಲ್‌ಗೇಟ್, ಈಗ್ರಾಂಟ್. ಹರ್ನ್‌ವಿಲ್ ಇಂಧನ ಸಚಿವರಾಗಿದ್ದ ಕಾನ್ರಾಡ್ ಮಿಜ್ಜಿ ಅವರಿಗೆ, ಟಿಲ್‌ಗೇಟ್ ಪ್ರಧಾನಿಯ ಆಪ್ತ ಕಾರ್ಯಾಲಯದ ಮುಖ್ಯಸ್ಥ ಕೀತ್ ಸ್ಕೆಂಬ್ರಿ ಅವರಿಗೆ. ಇವೆಲ್ಲ ಮೊದಲೇ ನೋಂದಾಯಿಸಿ ಕಪಾಟಿನಲ್ಲಿಟ್ಟಿರುವ ಸಿದ್ಧ ಕಂಪನಿಗಳು. ಅಂಗಡಿಯಲ್ಲಿ ರೆಡಿಮೇಡ್ ಅಂಗಿ ತೆಗೆದಂತೆ ತೆಗೆದುಕೊಳ್ಳಬಹುದು. ನಿರ್ದೇಶಕರಾಗಿ ಪನಾಮಾದವರೇ ಸಹಿ ಹಾಕುತ್ತಾರೆ. ಕಂಪನಿಯ ಷೇರುಗಳನ್ನು ನ್ಯೂಜಿಲೆಂಡ್‌ನ ಒಂದು ಟ್ರಸ್ಟ್ ಹಿಡಿದಿಟ್ಟುಕೊಳ್ಳುತ್ತದೆ. ಮಿಜ್ಜಿಯವರದು ರೊಟೊರುವಾ ಟ್ರಸ್ಟ್, ಸ್ಕೆಂಬ್ರಿಯವರದು ಹಾಸ್ಟ್ ಟ್ರಸ್ಟ್. ಪನಾಮಾದ ರಿಜಿಸ್ಟರ್ ನೋಡಿದವನಿಗೆ ನಿರ್ದೇಶಕರ ಹೆಸರು ಸಿಕ್ಕೀತು, ಮಾಲೀಕರದು ಸಿಗದು. ಟ್ರಸ್ಟ್‌ನ ಲಾಭ ಯಾರಿಗೆ ಎಂಬುದು ಮೂರನೇ ದೇಶದ ಕಡತದೊಳಗೆ ಉಳಿಯುತ್ತದೆ. ನಮ್ಮಲ್ಲಿ ಬೇನಾಮಿ ಎನ್ನುವುದೇ ಇದು, ಮೂರು ದೇಶಗಳಿಗೆ ಹರಡಿಕೊಂಡಿದೆ ಅಷ್ಟೆ.

ಕಂಪನಿ ಸುಲಭ, ಬ್ಯಾಂಕ್ ಖಾತೆ ಕಷ್ಟ. ಕಥೆಗಾರರು ಬಿಟ್ಟುಬಿಡುವ ಹಂತ ಇದೇ. ಹೆಸರಿಗಷ್ಟೇ ಇರುವ ಇಂಥ ಶೆಲ್ ಕಂಪನಿ ಖಾತೆ ಇಲ್ಲದಿದ್ದರೆ ಬರೀ ಕಾಗದ. ದುಡ್ಡು ಅದರೊಳಗೆ ಹೋಗದು, ಹೊರಗೂ ಬಾರದು. ಖಾತೆ ತೆರೆಯಲು ಹೋದರೆ ಬ್ಯಾಂಕು ಮೂರು ಪ್ರಶ್ನೆ ಕೇಳುತ್ತದೆ. ಕಂಪನಿಯ ನಿಜವಾದ ಮಾಲೀಕ ಯಾರು? ಆತ ಅಧಿಕಾರದಲ್ಲಿರುವ ರಾಜಕಾರಣಿಯೇ? ವರ್ಷಕ್ಕೆ ಎಷ್ಟು ಹಣ, ಯಾರಿಂದ ಬರುತ್ತದೆ? ಎರಡನೇ ಪ್ರಶ್ನೆಗೆ ಹೌದು ಎಂದರೆ ಖಾತೆ ಹೆಚ್ಚಿನ ನಿಗಾದ ಪಟ್ಟಿಗೆ ಹೋಗುತ್ತದೆ, ಅನೇಕ ಬ್ಯಾಂಕುಗಳು ಕೈಮುಗಿದು ಬೇಡ ಎನ್ನುತ್ತವೆ. ಈ ಪನಾಮಾ ಕಂಪನಿಗಳಿಗೂ ಹಾಗೇ ಆಯಿತು, ಒಂದಾದ ಮೇಲೊಂದು ಬ್ಯಾಂಕು ನಿರಾಕರಿಸಿತು. ಮೂರನೇ ಪ್ರಶ್ನೆಗೂ ಏನಾದರೂ ಬರೆಯಲೇಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಆ ಲೆಕ್ಕಪರಿಶೋಧಕ ಸಂಸ್ಥೆ ಪನಾಮಾಗೆ ಕಳಿಸಿದ ಇಮೇಲ್‌ನಲ್ಲಿ ಉತ್ತರ ಇದೆ: ಸಚಿವರದು, ಸ್ಕೆಂಬ್ರಿಯವರದು ಎರಡೂ ಕಂಪನಿಗಳಿಗೆ ಮುಖ್ಯ ಗಿರಾಕಿಗಳಾಗಲಿರುವವು ದುಬೈನ 17 ಬ್ಲ್ಯಾಕ್ ಎಂಬ ಕಂಪನಿ ಮತ್ತು ಮ್ಯಾಕ್‌ಬ್ರಿಡ್ಜ್ ಎಂಬ ಇನ್ನೊಂದು ಕಂಪನಿ; ವರ್ಷದೊಳಗೆ 20 ಲಕ್ಷ ಡಾಲರ್‌ವರೆಗೆ ಬರುವ ನಿರೀಕ್ಷೆ. ಗುಟ್ಟು ಹೊರಬಿದ್ದದ್ದು ಯಾವ ಗೂಢಚಾರಿಯಿಂದಲೂ ಅಲ್ಲ. ಕೆವೈಸಿ ಅರ್ಜಿಯ ಒಂದು ಕಾಲಂ ಖಾಲಿ ಬಿಡುವಂತಿರಲಿಲ್ಲ, ಅದಕ್ಕೆ.

ಇದೇ ಕಡತದಲ್ಲಿ ಇನ್ನೊಂದು ಪಾಠವಿದೆ. ಈಗ್ರಾಂಟ್ ಕಂಪನಿಯ ಮಾಲೀಕರ ಹೆಸರನ್ನು ಇಮೇಲ್‌ನಲ್ಲಿ ಬರೆಯಲಿಲ್ಲ. ಸ್ಕೈಪ್‌ನಲ್ಲಿ ಬಾಯಲ್ಲೇ ಹೇಳುವುದಾಗಿ ಸಂಸ್ಥೆಯವರು ತಿಳಿಸಿದ್ದರು. ಬರೆದದ್ದು ಉಳಿಯಿತು, ಆಡಿದ್ದು ಗಾಳಿಗೆ ಹೋಯಿತು. 2017ರ ಏಪ್ರಿಲ್‌ನಲ್ಲಿ ಡ್ಯಾಫ್ನಿ, ಈಗ್ರಾಂಟ್ ಪ್ರಧಾನಿ ಜೋಸೆಫ್ ಮಸ್ಕಟ್ ಅವರ ಪತ್ನಿಯದು ಎಂದು ಬರೆದರು. ಆಧಾರ, ಬ್ಯಾಂಕೊಂದರ ಮಾಜಿ ಉದ್ಯೋಗಿಯೊಬ್ಬರ ಹೇಳಿಕೆ. ಪ್ರಧಾನಿ ದಂಪತಿ ಅಲ್ಲಗಳೆದರು, ಮ್ಯಾಜಿಸ್ಟ್ರೇಟ್ ತನಿಖೆ ನಡೆಯಿತು. 2018ರ ಜುಲೈನಲ್ಲಿ ಬಂದ ತೀರ್ಮಾನ: ಆ ಆರೋಪಕ್ಕೆ ಪುರಾವೆ ಸಿಗಲಿಲ್ಲ, ಟ್ರಸ್ಟ್ ಘೋಷಣಾ ಪತ್ರಗಳೆನ್ನಲಾದವುಗಳ ಮೇಲಿನ ಸಹಿಗಳು ನಕಲಿ. ಡ್ಯಾಫ್ನಿಯವರನ್ನು ಮೆಚ್ಚುವವರು ಈ ಭಾಗ ಬಂದಾಗ ಪುಟ ತಿರುವಿಬಿಡುತ್ತಾರೆ. ಹಾಗೆ ಮಾಡಬಾರದು. ಮೂರರಲ್ಲಿ ಎರಡು ಕಂಪನಿಗಳ ಸುದ್ದಿ ನಿಂತದ್ದು ಅದರ ಹಿಂದೆ ದಾಖಲೆ ಇದ್ದದ್ದರಿಂದ. ಮೂರನೆಯದು ಬಿದ್ದದ್ದು ಹೇಳಿಕೆ ಮಾತ್ರ ಇದ್ದದ್ದರಿಂದ. ಬಿದ್ದ ಆ ಒಂದನ್ನು ತೋರಿಸಿಯೇ ನಿಂತ ಎರಡನ್ನೂ ಸುಳ್ಳೆನ್ನಲು ಹೊರಟವರಿಗೆ ಅನುಕೂಲವಾಯಿತು.

17 ಬ್ಲ್ಯಾಕ್ ಹೆಸರನ್ನು ಡ್ಯಾಫ್ನಿ 2017ರ ಫೆಬ್ರುವರಿಯಲ್ಲಿ ಬರೆದಿದ್ದರು. ಅದು ಯಾರದ್ದು ಎಂಬುದು ಅವರಿಗೆ ಗೊತ್ತಾಗುವ ಮೊದಲೇ ಅವರ ಜೀವ ಹೋಯಿತು. 2018ರ ನವೆಂಬರ್‌ನಲ್ಲಿ ರಾಯ್ಟರ್ಸ್ ಮತ್ತು ಟೈಮ್ಸ್ ಆಫ್ ಮಾಲ್ಟಾ ಉತ್ತರ ಪ್ರಕಟಿಸಿದವು: ಮಾಲೀಕ ಯೋರ್ಗನ್ ಫೆನೆಕ್. ಹೋಟೆಲ್, ಕ್ಯಾಸಿನೋ ನಡೆಸುವ ದೊಡ್ಡ ಉದ್ಯಮಿ ಮನೆತನದವರು. ಕ್ಯಾಸಿನೋದ ರೂಲೆಟ್ ಜೂಜಿನ ಚಕ್ರದಲ್ಲಿ 17 ಕಪ್ಪು ಬಣ್ಣದ ಮನೆ. ಇದೇ ಫೆನೆಕ್, ಮಾಲ್ಟಾದ ಡೆಲಿಮಾರಾದಲ್ಲಿ ಅನಿಲ ವಿದ್ಯುತ್ ಸ್ಥಾವರ ಕಟ್ಟಿದ ಎಲೆಕ್ಟ್ರೋಗ್ಯಾಸ್ ಕೂಟದಲ್ಲೂ ಪಾಲುದಾರ. ಗುತ್ತಿಗೆ ಸರ್ಕಾರದ್ದು, ಇಂಧನ ಖಾತೆ ಮಿಜ್ಜಿಯವರದು, 36 ಕೋಟಿ ಯೂರೋ ಸಾಲಕ್ಕೆ ಸರ್ಕಾರದ್ದೇ ಖಾತರಿ. ಅನಿಲ ಪೂರೈಸುವುದು ಅಜರ್‌ಬೈಜಾನ್‌ನ ಸರ್ಕಾರಿ ತೈಲ ಕಂಪನಿ. ಗುತ್ತಿಗೆ ಪಡೆದ ಕಂಪನಿಯ ಪಾಲುದಾರನ ದುಬೈ ಕಂಪನಿಯಿಂದ ಗುತ್ತಿಗೆ ಕೊಟ್ಟ ಸಚಿವರ ಪನಾಮಾ ಕಂಪನಿಗೆ ದುಡ್ಡು ಬರಲಿದೆ ಎಂದು ಬರೆದ ಇಮೇಲ್, ಇದರ ಗಂಭೀರತೆಯನ್ನು ಹೆಚ್ಚು ವಿವರಿಸಬೇಕಿಲ್ಲ. ಹಣ ವಾಸ್ತವವಾಗಿ ಆ ಎರಡು ಕಂಪನಿಗಳಿಗೆ ತಲುಪಿದ್ದು ರುಜುವಾತಾಗಿಲ್ಲ ಎಂಬುದನ್ನೂ ಹೇಳಬೇಕು. ಮಿಜ್ಜಿ, ಸ್ಕೆಂಬ್ರಿ ಇಬ್ಬರೂ ತಪ್ಪು ಮಾಡಿಲ್ಲ ಎಂದೇ ಹೇಳಿದ್ದಾರೆ. ಸೋರಿಕೆ 2016ರ ಏಪ್ರಿಲ್‌ನಲ್ಲಿ ಆದದ್ದರಿಂದ ಕೊಳವೆ ಜೋಡಿಸಿದ್ದು ಮಾತ್ರ ಕಂಡಿತು, ನೀರು ಹರಿಯುವ ಮುನ್ನವೇ ಬೆಳಕು ಬಿತ್ತು.

ದುಡ್ಡು ಹುಟ್ಟುವ ಬಗೆಗೆ ಇನ್ನೂ ಸ್ಪಷ್ಟವಾದ ಉದಾಹರಣೆ ಮಾಂಟೆನೆಗ್ರೊದ ಗಾಳಿ ವಿದ್ಯುತ್ ಯೋಜನೆ. ಮಾಲ್ಟಾದ ಸರ್ಕಾರಿ ವಿದ್ಯುತ್ ಕಂಪನಿ ಎನೆಮಾಲ್ಟಾ ಆ ಯೋಜನೆಯ ಷೇರುಗಳನ್ನು 1.03 ಕೋಟಿ ಯೂರೋಗೆ ಕೊಂಡಿತು. ಮಾರಿದವರು ಸೀಷೆಲ್ಸ್‌ನಲ್ಲಿ ನೋಂದಾಯಿಸಿದ ಒಂದು ಕಂಪನಿ. ಆ ಕಂಪನಿ ಅದೇ ಷೇರುಗಳನ್ನು ಕೆಲವೇ ವಾರಗಳ ಹಿಂದೆ 29 ಲಕ್ಷ ಯೂರೋಗೆ ಕೊಂಡಿತ್ತು. ಅದಕ್ಕೆ ದುಡ್ಡು ಕೊಟ್ಟದ್ದು 17 ಬ್ಲ್ಯಾಕ್ ಎಂದು 2020ರಲ್ಲಿ ರಾಯ್ಟರ್ಸ್ ವರದಿ ಮಾಡಿತು. ವ್ಯತ್ಯಾಸ 74 ಲಕ್ಷ ಯೂರೋ. ಇಲ್ಲಿ ಸೂಟ್‌ಕೇಸ್ ಇಲ್ಲ, ಕಳ್ಳನೋಟಿಲ್ಲ. ಎರಡು ಒಪ್ಪಂದ, ಎರಡು ತಾರೀಖು, ಎರಡು ಬೆಲೆ. ಕೊಳ್ಳುವವನು ಸರ್ಕಾರವಾದ್ದರಿಂದ ಹೋದದ್ದು ಜನರ ದುಡ್ಡು. ಜಮೀನು ಸ್ವಾಧೀನಕ್ಕೆ ಅಧಿಸೂಚನೆ ಬರುವ ಮೊದಲು ರೈತನಿಂದ ಅಗ್ಗಕ್ಕೆ ಕೊಂಡು ನಂತರ ಸರ್ಕಾರದಿಂದ ಪರಿಹಾರ ಎತ್ತುವುದನ್ನು ಬಲ್ಲ ನಮ್ಮ ಜನಕ್ಕೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಾವಲುಗಾರರು ಏನು ಮಾಡುತ್ತಿದ್ದರು? ಮಾಲ್ಟಾದಲ್ಲೂ ನಮ್ಮ ಎಫ್‌ಐಯು-ಇಂಡಿಯಾದಂಥ ಹಣಕಾಸು ಗುಪ್ತಚರ ಘಟಕವಿದೆ. ಬ್ಯಾಂಕುಗಳು ಅನುಮಾನದ ವಹಿವಾಟನ್ನು ಅದಕ್ಕೆ ತಿಳಿಸುತ್ತವೆ, ಅದು ಪೃಥಕ್ಕರಿಸಿ ಪೊಲೀಸರಿಗೆ ಕಳಿಸುತ್ತದೆ. ಅದಕ್ಕೆ ಬಂಧಿಸುವ ಅಧಿಕಾರವಿಲ್ಲ. 2016ರಲ್ಲೇ ಅದು ವರದಿ ಬರೆಯಿತು. ಪೊಲೀಸರು ಕೈಕಟ್ಟಿ ಕೂತರು. ಎಲ್ಲ ದೇಶಗಳಲ್ಲೂ ಈ ವ್ಯವಸ್ಥೆ ಮುರಿಯುವುದು ಹೆಚ್ಚಾಗಿ ಇದೇ ಕೀಲಿನಲ್ಲಿ: ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತದೆ, ಎರಡನೇ ಮೇಜಿನವನ ನೇಮಕಾತಿ ಆ ಕಾಗದದಲ್ಲಿ ಹೆಸರಿರುವವರ ಕೈಯಲ್ಲಿರುತ್ತದೆ.

ಕೊನೆಗೆ ಕೊಲೆಯ ಬಾಗಿಲು ತೆರೆದದ್ದೂ ದುಡ್ಡಿನ ಕೇಸಿನಿಂದಲೇ. 2019ರ ನವೆಂಬರ್‌ನಲ್ಲಿ ಅಕ್ರಮ ಜೂಜು ಮತ್ತು ಹಣ ಬಿಳಿ ಮಾಡುವ ಪ್ರಕರಣದಲ್ಲಿ ಪೊಲೀಸರು ಟ್ಯಾಕ್ಸಿ ಚಾಲಕ ಥಿಯುಮಾನನ್ನು ಹಿಡಿದರು. ಅವನ ಕೈಯಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿ. ಒಳಗೆ ರೆಕಾರ್ಡಿಂಗ್‌ಗಳು. ತನ್ನನ್ನೂ ಮುಗಿಸಿಬಿಟ್ಟಾರು ಎಂದು ಹೆದರಿ, ಸುಪಾರಿಗೆ ಸಂಬಂಧಪಟ್ಟ ಮಾತುಕತೆಗಳನ್ನು ಗುಟ್ಟಾಗಿ ಧ್ವನಿಮುದ್ರಿಸಿ ಇಟ್ಟುಕೊಂಡಿದ್ದ. ಅವನಿಗೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು, ಮಾಫಿ ಸಾಕ್ಷಿಯಾದ. ಕೋರ್ಟಿನಲ್ಲಿ ಅವನು ಹೇಳಿದ್ದು: ದುಡ್ಡು ಕೊಟ್ಟವರು ಫೆನೆಕ್, ನಡುವೆ ತನಗೆ ಸರ್ಕಾರದಲ್ಲಿ ಕೆಲಸವಿಲ್ಲದ ಒಂದು ನೌಕರಿಯನ್ನೂ ಕೊಡಿಸಿದ್ದರು, ಹೋಗದೆಯೇ ಸಂಬಳ ಬರುತ್ತಿತ್ತು. ನವೆಂಬರ್ 20ರ ಬೆಳಗಿನ ಜಾವ ಪೋರ್ಟೊಮಾಸೊ ಎಂಬ ದೋಣಿ ನಿಲ್ದಾಣದಿಂದ ಹೊರಟಿದ್ದ ವಿಹಾರ ನೌಕೆಯನ್ನು ತಡೆದು ಫೆನೆಕ್ ಅವರನ್ನು ಬಂಧಿಸಿದರು. ಕೊಲೆಗೆ ಕುಮ್ಮಕ್ಕಿನ ಆರೋಪವನ್ನು ಅವರು ನಿರಾಕರಿಸಿದ್ದಾರೆ. ಸ್ಕೆಂಬ್ರಿ ರಾಜೀನಾಮೆ ಕೊಟ್ಟರು, ಜನ ಬೀದಿಗಿಳಿದರು, ಡಿಸೆಂಬರ್ 1ರಂದು ಪ್ರಧಾನಿ ಮಸ್ಕಟ್ ಹುದ್ದೆ ಬಿಡುವುದಾಗಿ ಪ್ರಕಟಿಸಿದರು. (ಹಂತಕ ವಿನ್ಸೆಂಟ್ ಮಸ್ಕಟ್ ಬೇರೆ; ಮಾಲ್ಟಾದಲ್ಲಿ ಆ ಮನೆತನದ ಹೆಸರು ಬಹಳ ಸಾಮಾನ್ಯ.)

ಶಿಕ್ಷೆಯ ವಿವರ: ವಿನ್ಸೆಂಟ್ ಮಸ್ಕಟ್ 2021ರ ಫೆಬ್ರುವರಿಯಲ್ಲಿ ತಪ್ಪೊಪ್ಪಿಕೊಂಡ, 15 ವರ್ಷ. ಡಿಜಾರ್ಜಿಯೋ ಸಹೋದರರು 2022ರ ಅಕ್ಟೋಬರ್ 14ರಂದು, ವಿಚಾರಣೆ ಶುರುವಾದ ದಿನವೇ ಒಪ್ಪಿಕೊಂಡರು, ತಲಾ 40 ವರ್ಷ. ಬಾಂಬ್ ಒದಗಿಸಿದ ಇಬ್ಬರಿಗೆ 2025ರ ಜೂನ್‌ನಲ್ಲಿ ಜೀವಾವಧಿ. ಮೂವರು ನ್ಯಾಯಾಧೀಶರ ವಿಚಾರಣಾ ಮಂಡಳಿ 2021ರ ಜುಲೈನಲ್ಲಿ ಕೊಟ್ಟ ವರದಿ ಇವೆಲ್ಲಕ್ಕಿಂತ ತೂಕದ್ದು: ಏನು ಮಾಡಿದರೂ ನಡೆಯುತ್ತದೆ ಎಂಬ ವಾತಾವರಣವನ್ನು ಅಧಿಕಾರದ ಮೇಲಿನ ಹಂತದಿಂದಲೇ ಹುಟ್ಟುಹಾಕಿದ್ದಕ್ಕೆ ಈ ಸಾವಿನ ಹೊಣೆಯನ್ನು ಸರ್ಕಾರ ಹೊರಬೇಕು ಎಂದಿತು. ಅದರ ಹಿಂದಿನ ತಿಂಗಳಷ್ಟೇ ಹಣ ಬಿಳಿ ಮಾಡುವುದನ್ನು ತಡೆಯುವ ಅಂತರರಾಷ್ಟ್ರೀಯ ಕಾರ್ಯಪಡೆ ಎಫ್‌ಎಟಿಎಫ್ ಮಾಲ್ಟಾವನ್ನು ಬೂದು ಪಟ್ಟಿಗೆ, ಅಂದರೆ ಹೆಚ್ಚಿನ ನಿಗಾ ಬೇಕಾದ ದೇಶಗಳ ಪಟ್ಟಿಗೆ, ಹಾಕಿತ್ತು.  ಒಂದು ವರ್ಷದ ಬಳಿಕ ಹೊರಬಂತು.

ಈಗ ನಮ್ಮ ಕಡೆಗೆ. ಡ್ಯಾಫ್ನಿ ಕೊಲೆಗೆ ಸರಿಯಾಗಿ 41 ದಿನ ಮೊದಲು, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಎರಡು ಪ್ರಕರಣಗಳ ಕಾರಣ ಬೇರೆ, ಆರೋಪಿಗಳು ಬೇರೆ; ಒಂದಕ್ಕೊಂದು ಗಂಟು ಹಾಕುವುದು ಸರಿಯಲ್ಲ. ಆದರೆ ಇಬ್ಬರೂ ಸಾಯುವ ಹೊತ್ತಿಗೆ ಮಾನನಷ್ಟ ಮೊಕದ್ದಮೆಗಳ ಭಾರ ಹೊತ್ತಿದ್ದರು. ಗೌರಿಯವರಿಗೆ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ಕೋರ್ಟು ಶಿಕ್ಷೆ ವಿಧಿಸಿತ್ತು. ಡ್ಯಾಫ್ನಿ ಮೇಲೆ 47 ಕೇಸುಗಳಿದ್ದವು: 42 ಸಿವಿಲ್, 5 ಕ್ರಿಮಿನಲ್. ಸಿವಿಲ್ ದಾವೆಗಳು ಆಕೆಯ ಸಾವಿನ ನಂತರವೂ ಸಾಯಲಿಲ್ಲ, ಗಂಡ-ಮಕ್ಕಳ ತಲೆಗೆ ಬಂದವು. ಒಂದೊಂದು ದಾವೆಗೂ ವಕೀಲರ ಶುಲ್ಕ, ಕೋರ್ಟಿಗೆ ಅಲೆದಾಟ, ಕೆಲವೊಮ್ಮೆ ಖಾತೆಗೆ ತಡೆ. ಗೆಲ್ಲುವುದು ಹೂಡಿದವನಿಗೆ ಮುಖ್ಯವಲ್ಲ, ಎಳೆಯುವುದು ಮುಖ್ಯ. ಮಾಲ್ಟಾ 2018ರಲ್ಲಿ ಕ್ರಿಮಿನಲ್ ಮಾನಹಾನಿಯನ್ನೇ ಕಾನೂನಿನಿಂದ ತೆಗೆಯಿತು. ಬಾಯಿ ಮುಚ್ಚಿಸಲೆಂದೇ ಹೂಡುವ ದಾವೆಗಳನ್ನು ಆರಂಭದಲ್ಲೇ ವಜಾ ಮಾಡುವ ನಿರ್ದೇಶನವನ್ನು ಐರೋಪ್ಯ ಒಕ್ಕೂಟ 2024ರಲ್ಲಿ ತಂದಿತು; ಅದನ್ನು ಜನ ಕರೆಯುವುದೇ ಡ್ಯಾಫ್ನಿ ಕಾಯ್ದೆ ಎಂದು. ನಮ್ಮಲ್ಲಿ ಹಳೆಯ ಐಪಿಸಿ 499, 500 ಹೋಗಿ ಭಾರತೀಯ ನ್ಯಾಯ ಸಂಹಿತೆಯ 356 ಬಂದಿದೆ. ಜೈಲು ಶಿಕ್ಷೆಯ ಅವಕಾಶ ಹಾಗೆಯೇ ಉಳಿದಿದೆ. ಇದರ ಬಗ್ಗೆ ನಿಮ್ಮ ಪತ್ರಿಕೆ ಸಂಪಾದಕೀಯ ಬರೆಯಬೇಕು.

ಎರಡನೆಯದು, ದುಡ್ಡಿನ ಜಾಡು ಹಿಡಿಯಲು ನಮ್ಮ ಜಿಲ್ಲಾ ವರದಿಗಾರರಿಗೆ ಪನಾಮಾದಿಂದ ಸೋರಿಕೆ ಬರಲಿ ಎಂದು ಕಾಯಬೇಕಿಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಒಂದು ಕಂಪನಿಗೆ 100 ರೂಪಾಯಿ ಕಟ್ಟಿದರೆ ಸಾರ್ವಜನಿಕ ದಾಖಲೆ ನೋಡಬಹುದು. ಎಂಜಿಟಿ-7 ಎಂಬ ನಮೂನೆಯಲ್ಲಿ ವರ್ಷದ ಷೇರುದಾರರು ಮತ್ತು ನಿರ್ದೇಶಕರು, ಎಒಸಿ-4ರಲ್ಲಿ ಲೆಕ್ಕಪತ್ರ, ಸಿಎಚ್‌ಜಿ-1ರಲ್ಲಿ ಯಾವ ಬ್ಯಾಂಕು ಯಾವ ಆಸ್ತಿಯ ಮೇಲೆ ಎಷ್ಟು ಸಾಲ ಕೊಟ್ಟಿದೆ ಎಂಬುದು. ಶೇ 10 ಅಥವಾ ಹೆಚ್ಚು ಪಾಲಿನ ತೆರೆಮರೆಯ ಮಾಲೀಕರಿದ್ದರೆ ಕಂಪನಿ ಬೆನ್-2 ನಮೂನೆ ಸಲ್ಲಿಸಬೇಕು. ಲಾಭ-ನಷ್ಟದ ಪುಟಕ್ಕಿಂತ ಹಿಂದಿನ ಟಿಪ್ಪಣಿಗಳನ್ನು ಮೊದಲು ಓದಬೇಕು; ಸಂಬಂಧಿತರ ಜೊತೆಗಿನ ವಹಿವಾಟು ಎಂಬ ಟಿಪ್ಪಣಿಯಲ್ಲಿ ಅಣ್ಣನ ಕಂಪನಿಯಿಂದ ಹೆಂಡತಿಯ ಕಂಪನಿಗೆ ಹೋದ ಸಾಲ ಇರುತ್ತದೆ. ವರದಿಗಾರರು ಮಾಡುವ ಸಾಮಾನ್ಯ ತಪ್ಪು ನಿರ್ದೇಶಕರನ್ನು ಹೆಸರಿನಿಂದ ಹುಡುಕುವುದು. ಮಂಜುನಾಥ, ರಮೇಶ ಎಂದು ಹುಡುಕಿದರೆ ನೂರಾರು ಜನ ಸಿಗುತ್ತಾರೆ, ಬೇರೆಯವನ ಹೆಸರು ಅಚ್ಚಾಗಿ ಮರುದಿನ ನೋಟಿಸ್ ಬರುತ್ತದೆ. ನಿರ್ದೇಶಕನಿಗೆ ಕೊಟ್ಟ ಎಂಟು ಅಂಕಿಯ ಡಿಐಎನ್ ಹಿಡಿದು ಹುಡುಕಬೇಕು. ವಿಳಾಸ, ಲೆಕ್ಕಪರಿಶೋಧಕನ ಹೆಸರು, ನೋಂದಣಿಯ ತಾರೀಖು ಮೂರೂ ಹೊಂದಿದರೆ ಜಾಡು ಗಟ್ಟಿ. ಮಾಲ್ಟಾದಲ್ಲೂ ಮೂರು ಕಂಪನಿಗಳನ್ನು ಒಂದು ಎಳೆಯಲ್ಲಿ ಕಟ್ಟಿದ್ದು ಒಂದೇ ಲೆಕ್ಕಪರಿಶೋಧಕ ಸಂಸ್ಥೆ ಮತ್ತು ಚುನಾವಣೆಯ ಮರುವಾರದ ತಾರೀಖು. ಮಾಲೀಕತ್ವ ವಿದೇಶಿ ಕಂಪನಿಗೆ ಹೋಗಿ ನಿಂತರೆ ನಮ್ಮ ದಾಖಲೆ ಅಲ್ಲಿಗೆ ಮುಗಿಯುತ್ತದೆ. ಆಗ ಮುಗಿಯಿತು ಎಂದೇ ಬರೆಯಬೇಕು, ಅಂದಾಜು ಸೇರಿಸಬಾರದು.

ಡ್ಯಾಫ್ನಿ ಒಂಟಿಯಾಗಿ ಬರೆಯುತ್ತಿದ್ದರು. ಸಾಯುವ ಮೊದಲು ಎಲೆಕ್ಟ್ರೋಗ್ಯಾಸ್‌ನ ಆರು ಲಕ್ಷಕ್ಕೂ ಹೆಚ್ಚು ಕಡತಗಳು ಅವರಿಗೆ ತಲುಪಿದ್ದವು. 2018ರಲ್ಲಿ 15 ದೇಶಗಳ 45 ಪತ್ರಕರ್ತರು ಒಟ್ಟಾಗಿ ಅವರ ಕೆಲಸವನ್ನು ಕೈಗೆತ್ತಿಕೊಂಡರು, 17 ಬ್ಲ್ಯಾಕ್‌ನ ಮಾಲೀಕ ಯಾರು ಎಂಬುದು ಅದೇ ವರ್ಷ ಹೊರಬಂತು. ಆ 45 ಜನ 2016ರಲ್ಲೇ ಆಕೆಯ ಪಕ್ಕ ಇದ್ದಿದ್ದರೆ, ಒಬ್ಬಳನ್ನು ಕೊಂದು ಸುದ್ದಿಯನ್ನು ಕೊಲ್ಲಬಹುದು ಎಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ.

ಧಾರಾವಾಹಿ ಮುಂದುವರಿಯಲಿ, ಓದುಗರು ಬಯಸುತ್ತಾರೆ. ಅದರ ಪಕ್ಕದಲ್ಲಿ ವಾರಕ್ಕೊಂದು ಕಾಲಂ ಜಾಗ ಬಿಡಿ. ಪ್ರತಿ ಜಿಲ್ಲೆಯ ವರದಿಗಾರರಿಗೆ ವಾರಕ್ಕೆ ಐದು ಕಂಪನಿಗಳ ದಾಖಲೆ ತೆಗೆಸಲು 500 ರೂಪಾಯಿ ಕೊಡಿ. ಮೊದಲ ವಾರ ನಿಮ್ಮ ಊರಿನ ರಸ್ತೆ ಗುತ್ತಿಗೆದಾರರಿಂದಲೇ ಶುರುವಾಗಲಿ.

ಇಂತಿ,
ಬ್ಯಾಂಕ್ ಲೆಕ್ಕಪತ್ರ ಬಲ್ಲ ಓದುಗ, ಉಡುಪಿ